ಏರ್‌ಪೋರ್ಟ್‌ಗೆ ಹದಿನೈದೇ ನಿಮಿಷ

ನಾವ್ಯಾರೂ ಮನೆ ಖಾಲಿ ಮಾಡಲಿಲ್ಲ, ಸಾಮಾನು ಕಟ್ಟಲಿಲ್ಲ. ಆದರೂ 2025ರ ಜುಲೈನಲ್ಲಿ ನಮ್ಮ ಊರಿಗೆ ಊರೇ ಬೆಂಗಳೂರಿಗೆ ಹೋಗಿಬಿಟ್ಟಿತು. ನಂದಿಬೆಟ್ಟದ ಮೇಲೆ ಸಚಿವ ಸಂಪುಟ ಸೇರಿ, ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಅಂತ ಹೆಸರಿಡಲು ತೀರ್ಮಾನ ಮಾಡಿತು. ಮಂತ್ರಿಗಳು ಬೆಟ್ಟ ಇಳಿಯುವ ಮೊದಲೇ ನಮ್ಮ ಸೀನ ಚದರಡಿಗೆ ಇನ್ನೂರು ರೂಪಾಯಿ ಏರಿಸಿದ್ದ.

ಸೀನ ಮೊದಲು ರೇಷ್ಮೆ ಹುಳ ಸಾಕುತ್ತಿದ್ದ. ಈಗ ಗಿರಾಕಿಗಳನ್ನು ಸಾಕುತ್ತಾನೆ. ಜಯಕ್ಕನ ಹೋಟೆಲಿನ ಬೆಂಚೇ ಅವನ ಆಫೀಸು. ಸಂಜೆ ಅಲ್ಲಿ ರಿಟೈರ್ ಆದ ಮೇಷ್ಟ್ರು ಇರುತ್ತಾರೆ, ಎರಡು ಎಕರೆಯ ಹನುಮಂತಣ್ಣ ಇರುತ್ತಾನೆ. ಶನಿವಾರ, ಭಾನುವಾರ ಆದರೆ ಸಿಟಿಯ ಐಟಿ ಹುಡುಗನೂ ಬಂದು ಕೂರುತ್ತಾನೆ. ನಾನು ಸುಮ್ನೆ ಕೇಳಿಸಿಕೊಳ್ಳುವವನು. ನಮ್ಮೂರು ದೇವನಹಳ್ಳಿಗೂ ದೊಡ್ಡಬಳ್ಳಾಪುರಕ್ಕೂ ನಡುವೆ ಇದೆ. ಕತ್ತಲಾದರೆ ಎರಡು ಕಡೆಗೂ ಬಸ್ಸಿಲ್ಲ.

"ಏರ್‌ಪೋರ್ಟ್‌ಗೆ ಹದಿನೈದೇ ನಿಮಿಷ ಅಂತ ಬೋರ್ಡ್ ಹಾಕಿಸಿದ್ದೀಯಲ್ಲ, ಯಾವ ಹೊತ್ತಿನಲ್ಲಿ?" ಮೇಷ್ಟ್ರು ಕೇಳಿದರು.

"ರಾತ್ರಿ ಎರಡು ಗಂಟೆಗೆ ಸಾರ್. ರೈಲ್ವೆ ಗೇಟ್ ತೆಗೆದಿರಬೇಕು."

"ಮಿಕ್ಕ ಹೊತ್ತು?"

"ಮಿಕ್ಕ ಹೊತ್ತಿನ ಫ್ಲೈಟ್ ಹಿಡಿಯುವವರಿಗೆ ನಾನು ಸೈಟ್ ಮಾರಲ್ಲ."

2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಇಲ್ಲಿ ಯಾರೂ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಎಲ್ಲ ನಿಮಿಷದ ಲೆಕ್ಕ. ಹನುಮಂತಣ್ಣ ಇವತ್ತಿನವರೆಗೂ ವಿಮಾನ ಹತ್ತಿಲ್ಲ. ಆದರೆ ತಲೆಯ ಮೇಲೆ ವಿಮಾನ ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ಬಿಟ್ಟ ಜಾಗದಿಂದಲೇ ಶುರು ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬೈಗುಳವನ್ನೂ ಅರ್ಧಕ್ಕೆ ತಡೆದು ಹಿಡಿಯುತ್ತಾನೆ.

"ಹೆಸರು ಬಂದ ಮೇಲೆ ನೀರೂ ಬರುತ್ತೆ ಬಿಡಿ" ಅಂದ ಸೀನ.

ಮೇಷ್ಟ್ರು ಕನ್ನಡಕ ತೆಗೆದರು. ಲೆಕ್ಕ ಹೇಳುವ ಸೂಚನೆ ಅದು. "2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರು ಪಾಲಿಕೆಗೆ ಸೇರಿಸಿದರು. ಅವಕ್ಕೋಸ್ಕರ ಮಾಡಿದ ಕಾವೇರಿ ಕುಡಿಯುವ ನೀರಿನ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅವು ಪಾಲಿಕೆಗೇ ಸೇರಿದ್ದವು ಕಣಯ್ಯ. ನಮಗೆ ಸಿಕ್ಕಿರುವುದು ಬರೀ ಹೆಸರು. ನಮ್ಮ ನಲ್ಲಿಗೆ ಯಾವ ವರ್ಷ, ನೀನೇ ಕೂಡಿಸಿ ಹೇಳು."

"ಕಾವೇರಮ್ಮ ಆಗಲೇ ಬಂದಿದ್ದಾಳಲ್ಲ ಮೇಷ್ಟ್ರೇ" ಒಳಗಿನಿಂದ ಜಯಕ್ಕ ಅಂದಳು. "ಮೊದಲು ಬೆಂಗಳೂರಿಗೆ ಹೋಗಿ, ಅಲ್ಲಿ ಎಲ್ಲರ ಬಚ್ಚಲು ನೋಡಿಕೊಂಡು, ಆಮೇಲೆ ನಮ್ಮ ಕೆರೆಗೆ."

ಅವಳು ಹೇಳಿದ್ದು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಮಾತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕಡೆಯ ಮತ್ತು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸುತ್ತಾರೆ. ಮೂರನೇ ಹಂತವೂ ಆಗಲಿ ಅಂತ ಈ ಭಾಗದ ಜನ ಕೇಳುತ್ತಲೇ ಇದ್ದಾರೆ. ಸೀನನಿಗೆ ಎರಡೇ ಹಂತ ಸಾಕು. ಅವನ ಬಾಯಲ್ಲಿ ಅದು ಲೇಕ್ ವ್ಯೂ, ಅದಕ್ಕೆ ಬೇರೆ ರೇಟು. ಗಾಳಿ ಕೆರೆ ಕಡೆಯಿಂದ ಬೀಸುವ ದಿನ ಮಾತ್ರ ಗಿರಾಕಿಗಳನ್ನು ಆ ಕಡೆ ಕರೆದೊಯ್ಯುವುದಿಲ್ಲ.

ಐಟಿ ಹುಡುಗ ಅಷ್ಟು ಹೊತ್ತು ಮೊಬೈಲ್ ನೋಡುತ್ತಿದ್ದ. ಅವನು ತನ್ನ ತೋಟ ಕಾಯುವುದೇ ಹಾಗೆ. ಮೊದಲೆಲ್ಲ ರೈತರಲ್ಲದವರು ಇಲ್ಲಿ ಹೊಲ ಕೊಳ್ಳುವಂತಿರಲಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು. ಆಮೇಲೆ ಈ ಹುಡುಗನೂ ರೈತನಾದ. ಹತ್ತು ಗುಂಟೆ ಕೊಂಡು ನಾಲ್ಕು ಮಾವು, ಎರಡು ಬೆಣ್ಣೆಹಣ್ಣು, ಒಂದು ಕ್ಯಾಮೆರಾ ನೆಟ್ಟಿದ್ದಾನೆ. ಕ್ಯಾಮೆರಾ ಚೆನ್ನಾಗಿ ಬಂದಿದೆ.

ಬುಧವಾರ ಮಧ್ಯಾಹ್ನ ಆಫೀಸಿನ ಮೀಟಿಂಗ್ ನಡುವೆಯೇ ಹನುಮಂತಣ್ಣನಿಗೆ ಫೋನ್ ಮಾಡುತ್ತಾನೆ. "ಅಣ್ಣಾ, ನನ್ನ ತೋಟದಲ್ಲಿ ಒಂದು ಹಸು ಇದೆ!"

"ನಂದೇ ಕಣಪ್ಪ. ಹುಲ್ಲು ಜಾಸ್ತಿ ಆಗಿತ್ತು, ಬಿಟ್ಟೆ."

ಈಗ ಹುಡುಗನಿಗೆ ಮನೆ ಕಟ್ಟುವ ಆಸೆ. ಅದಕ್ಕೊಂದು ಸೈಟೂ ಬೇಕು. ಸೀನ ಹತ್ತಿರ ಸರಿದು ಕೂತ. ಒಂದು ಗುಂಟೆ ಅಂದರೆ 1,089 ಚದರಡಿ, ಮೂವತ್ತು ನಲವತ್ತರ ಸೈಟು ಅಂದರೆ 1,200, ಹಾಗಾಗಿ ಗುಂಟೆಗಿಂತ ಚೂರು ಜಾಸ್ತಿಯೇ ಸಿಗುತ್ತದೆ ಅಂತ ಸಿಹಿ ಹಂಚುವವನ ಹಾಗೆ ವಿವರಿಸಿದ. ಮೇಷ್ಟ್ರು ನಡುವೆ ಬಾಯಿ ಹಾಕಿದರು.

"ಹೊಲದಲ್ಲಿ ಕಲ್ಲು ನೆಟ್ಟಿದ್ದೀಯ. ಭೂ ಪರಿವರ್ತನೆ ಆಗಿದೆಯಾ?"

"ಆಗುತ್ತೆ ಸಾರ್."

"ಇ-ಖಾತಾ?"

"ಆಗುತ್ತೆ."

"ರಸ್ತೆ, ಚರಂಡಿ?"

"ಅದಂತೂ ಆಗೇ ಆಗುತ್ತೆ."

"ಆಗಿರುವುದು ಏನು, ಅದನ್ನು ಹೇಳು."

"ಅಡ್ವಾನ್ಸ್ ಆಗಿದೆ ಸಾರ್."

ತಮಾಷೆ ಅನ್ನಿ, ಸೀನನ ಕಷ್ಟವೂ ಸಣ್ಣದಲ್ಲ. 2024ರ ಅಕ್ಟೋಬರಿನಿಂದ ಇ-ಖಾತಾ, ಅಂದರೆ ಕಂಪ್ಯೂಟರಿನಲ್ಲಿ ಏರಿದ ಆಸ್ತಿ ದಾಖಲೆ, ಇಲ್ಲದ ಸೈಟನ್ನು ರಿಜಿಸ್ಟರ್ ಮಾಡುವುದಿಲ್ಲ. ಪಂಚಾಯ್ತಿಯ ಸೈಟಾದರೆ ಅದನ್ನು ಇ-ಸ್ವತ್ತು ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ತೆಗೆಯಬೇಕು. ಹಿಂದೆ ಪಂಚಾಯ್ತಿ ರಸೀದಿ ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತೋರಿಸಿದರೆ ಮುಗಿಯುತ್ತಿತ್ತು. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕವೂ ಶೇ 1ರಿಂದ ಶೇ 2ಕ್ಕೆ ಏರಿತು. ನನ್ನನ್ನು ಕೇಳಿದರೆ ಇ-ಖಾತಾ ಒಳ್ಳೆಯದೇ ಆಯಿತು. ಒಂದೇ ಸೈಟನ್ನು ಮೂರು ಜನಕ್ಕೆ ತೋರಿಸಿ ಮೂವರ ಹತ್ತಿರವೂ ಟೀ ಕುಡಿಯುವ ಕಾಲ ಹೋಗಬೇಕಿತ್ತು.

"ಅದೆಲ್ಲ ಬಿಡಿ. ಹನುಮಂತಣ್ಣನ ಎರಡು ಎಕರೆ ಇದೆ, ರಸ್ತೆಗೇ ಮುಖ" ಅಂತ ಸೀನ ಮಾತು ತಿರುಗಿಸಿದ.

ಹನುಮಂತಣ್ಣನ ಜಮೀನಿಗೆ ಪೋಡಿ ಆಗಿಲ್ಲ, ಅಂದರೆ ಅಳತೆ ಮಾಡಿ ಪಾಲು ಬೇರೆ ಮಾಡಿಲ್ಲ. ಪಹಣಿಯಲ್ಲಿ ಇನ್ನೂ ಅವರಪ್ಪನ ಹೆಸರಿದೆ. ಅಪ್ಪ ಹೋಗಿ ಕಾಲವಾಯಿತು. ಒಬ್ಬ ತಮ್ಮ, ಮೂವರು ಅಕ್ಕತಂಗಿಯರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಾಗಿನಿಂದ ಹೆಣ್ಣುಮಕ್ಕಳಿಗೂ ಸಮಪಾಲು, ಎಲ್ಲರ ಸಹಿಯೂ ಬೇಕು. ಹಿಂದೆ ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಒಂದು ಕಾಟನ್ ಸೀರೆ ಹೋಗುತ್ತಿತ್ತು. ಎಕರೆಯ ರೇಟು ಕೋಟಿ ದಾಟಿದ ಮೇಲೆ ರೇಷ್ಮೆ ಸೀರೆ ಹೋಗುತ್ತಿದೆ, ಅದೂ ಕಾರಿನಲ್ಲಿ.

"ದೊಡ್ಡಕ್ಕ ಮೊದಲು ಬಾಗಿನ ನೋಡಿ ಕಣ್ಣಲ್ಲಿ ನೀರು ತರುತ್ತಿದ್ದಳು" ಅಂದ ಹನುಮಂತಣ್ಣ. "ಈ ಸಲ ಸೀರೆಯ ಅಂಚು ಮುಟ್ಟಿ ನೋಡಿದಳು. ಆಮೇಲೆ, ಪಕ್ಕದ ಸರ್ವೆ ನಂಬರ್ ಎಷ್ಟಕ್ಕೆ ಹೋಯಿತಂತೆ ಅಂತ ಕೇಳಿದಳು."

"ಕೇಳಲಿ ಬಿಡಿ. ಇಷ್ಟು ವರ್ಷ ಅರಿಸಿನ ಕುಂಕುಮದಲ್ಲೇ ಮುಗಿಸಿದ್ದಿರಲ್ಲ" ಅಂದಳು ಜಯಕ್ಕ. ಬೆಂಚಿನ ಮೇಲಿದ್ದ ಗಂಡಸರೆಲ್ಲ ಒಟ್ಟಿಗೆ ಟೀ ಊದಿಕೊಂಡೆವು.

"ನೀನು ಮಾರಬೇಕು ಅಂತಲೇ ಇಲ್ಲ, ಅದಕ್ಕೇ ಅಕ್ಕತಂಗಿಯರ ನೆಪ" ಅಂದ ಸೀನ.

"ಹೌದು, ಮಾರಬೇಕು ಅಂತಿಲ್ಲ. ಚನ್ನರಾಯಪಟ್ಟಣ ಹೋಬಳಿಯವರು ಮಾರಲಿಲ್ಲ, ಏನಾಯಿತು ಅವರಿಗೆ?"

ಚನ್ನರಾಯಪಟ್ಟಣ ಅಂದರೆ ಹಾಸನದ್ದಲ್ಲ, ನಮ್ಮ ದೇವನಹಳ್ಳಿ ತಾಲ್ಲೂಕಿನದು. ಅಲ್ಲಿನ 13 ಹಳ್ಳಿಗಳ 1,777 ಎಕರೆಯನ್ನು ಸರ್ಕಾರ ಕೈಗಾರಿಕೆಗೆ ಅಂತ ತೆಗೆದುಕೊಳ್ಳಲು ಹೊರಟಿತ್ತು. ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು, ಕೊಡುವ ಮನಸ್ಸಿದ್ದವರು ಕೊಡಬಹುದು ಅಂದಿತು. ಜಿಲ್ಲೆಗೆ ಹೊಸ ಹೆಸರು ಕೊಟ್ಟ ಅದೇ ತಿಂಗಳು. ಒಂದೇ ತಿಂಗಳಲ್ಲಿ ಸೀನ ಒಮ್ಮೆ ಪೇಡ ಹಂಚಿದ, ಒಮ್ಮೆ ಊಟ ಬಿಟ್ಟ. ಹನುಮಂತಣ್ಣನದು ಉಲ್ಟಾ.

"ಬರೀ ರಾಗಿ ಬೆಳೆದು ಏನು ಮಾಡುತ್ತೀಯ?"

"ತಿನ್ನುತ್ತೇನೆ. ನೀನು ಸೈಟು ತಿನ್ನಕ್ಕಾಗುತ್ತಾ?"

ಈ ಜಗಳ ದಿನಾ ಇದ್ದದ್ದೇ. ನನ್ನ ಕಣ್ಣಿರುವುದು ಜಯಕ್ಕನ ಹಿತ್ತಲ ಮೇಲೆ. ಅವಳು ಒಂದು ಗುಂಟೆಯನ್ನೂ ಮಾರಲಿಲ್ಲ, ಕೊಳ್ಳಲೂ ಇಲ್ಲ. ಹಿತ್ತಲಿನಲ್ಲಿ ಸಾಲಾಗಿ ಆರು ಶೀಟಿನ ರೂಮು ಹಾಕಿಸಿದಳು. ದೊಡ್ಡಬಳ್ಳಾಪುರದ ಫ್ಯಾಕ್ಟರಿಗಳಿಗೆ ಹೋಗುವ ಒಡಿಶಾ, ಬಿಹಾರದ ಹುಡುಗರು ಅಲ್ಲಿದ್ದಾರೆ. ಬೆಳಗ್ಗೆ ಟೀ ಅವಳದ್ದೇ, ರಾತ್ರಿ ಚಪಾತಿಯೂ ಅವಳದ್ದೇ. ಸೀನನಿಗೆ ವರ್ಷಕ್ಕೆ ಎರಡು ಕಮಿಷನ್ ಸಿಕ್ಕರೆ ಪುಣ್ಯ. ಜಯಕ್ಕನಿಗೆ ತಿಂಗಳ ಐದನೇ ತಾರೀಕು ಆರು ಬಾಡಿಗೆ. ಶ್ರೀಮಂತಿಕೆಯ ಬಗ್ಗೆ ಭಾಷಣ ಮಾಡುವವನು ಮಾತ್ರ ಸೀನ.

ಅಷ್ಟರಲ್ಲಿ ಬಿಳಿ ಕಾರೊಂದು ನಿಂತಿತು. ಗಾಜು ಇಳಿಯಿತು. "ಇಲ್ಲಿ ಸೈಟು ಇದೆಯಂತಲ್ಲ, ಏರ್‌ಪೋರ್ಟ್‌ಗೆ ಹತ್ತಿರ?"

ಸೀನ ಎದ್ದು ಅಂಗಿ ಕೊಡವಿದ, ಮೂಗೆತ್ತಿ ಗಾಳಿ ಯಾವ ಕಡೆಯದು ನೋಡಿದ, ಓಡಿದ.

"ಏ ಸೀನ, ಎರಡು ತಿಂಗಳ ಟೀ ಲೆಕ್ಕ?" ಜಯಕ್ಕ ಕೂಗಿದಳು.

"ಆಗುತ್ತೆ ಅಕ್ಕ!"