ಗ್ರಿಡ್ ಸಮ್ಮರ್ ಸ್ಕೂಲ್‌ನ ಹಳೇ ಪಾಠಗಳನ್ನು ಈಗಲೂ ಓದಬೇಕಾ?

ಕಣದ_ಬೆನ್ನುಹತ್ತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ಮೊದಲ ವರ್ಷ, ಜಿನೀವಾದ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿ ಕಣವೇಗವರ್ಧಕದಲ್ಲಿ ನಡೆಯುವ ಸಿಎಂಎಸ್ ಪ್ರಯೋಗದ ಡೇಟಾ ಮೇಲೆ ಕೆಲಸ. ಓದಿದ್ದು ಫಿಸಿಕ್ಸ್, ಕಂಪ್ಯೂಟರ್ ಕಡೆ ಪೈಥಾನ್ ಮತ್ತು ಸ್ವಲ್ಪ ಲಿನಕ್ಸ್ ಬರುತ್ತದೆ, ಅಷ್ಟೇ. ನಮ್ಮ ಗೈಡ್ ಒಂದು ಫೋಲ್ಡರ್ ಕೊಟ್ಟಿದ್ದಾರೆ. 2003ರಿಂದ ಕೆಲವು ವರ್ಷ ಯುರೋಪಿನಲ್ಲಿ ನಡೆದ ಇಂಟರ್‌ನ್ಯಾಷನಲ್ ಸಮ್ಮರ್ ಸ್ಕೂಲ್ ಆನ್ ಗ್ರಿಡ್ ಕಂಪ್ಯೂಟಿಂಗ್‌ನ ಸ್ಲೈಡ್‌ಗಳು (ಬೇರೆ ಬೇರೆ ಸಂಸ್ಥೆಗಳ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ನಲ್ಲಿ ಜೋಡಿಸಿ ಹಂಚಿಕೊಳ್ಳುವುದಕ್ಕೆ ಗ್ರಿಡ್ ಅಂತಾರೆ). ಗ್ಲೋಬಸ್, ಕಾಂಡರ್, ಜಿಲೈಟ್, ಯೂನಿಕೋರ್, ಸಾಫ್ಟ್‌ವೇರ್ ಹೆಸರುಗಳೇ ಮುಗಿಯುವುದಿಲ್ಲ. "ಮೊದಲು ಇದನ್ನ ಓದು, ಆಮೇಲೆ ಜಾಬ್ ಹಾಕು" ಅಂದರು. ಜಾಬ್ ಅಂದರೆ ಗ್ರಿಡ್‌ಗೆ ಓಡಿಸಲು ಕೊಡುವ ಒಂದೊಂದು ಕೆಲಸ. ಲ್ಯಾಬ್‌ನ ಸೀನಿಯರ್ ಮಾತ್ರ "ಅದೆಲ್ಲ ಹೋಯ್ತು, ಕ್ರ್ಯಾಬ್‌ನ ನಾಲ್ಕು ಕಮಾಂಡ್ ಕಲಿತರೆ ಸಾಕು" ಅಂತಾರೆ. ಕ್ರ್ಯಾಬ್ ಅಂದರೆ ಸಿಎಂಎಸ್ ಜಾಬ್‌ಗಳನ್ನು ಗ್ರಿಡ್‌ಗೆ ಕಳಿಸುವ ಸಾಫ್ಟ್‌ವೇರ್. ಕಮಾಂಡ್ ಕಲಿತೆ. ಜಾಬ್‌ಗಳಲ್ಲಿ ಒಂದಷ್ಟು ಮುಗಿಯುತ್ತವೆ, ಒಂದಷ್ಟು ಫೇಲ್ ಆಗುತ್ತವೆ, ಎರರ್ ಕೋಡ್ ನೋಡಿದರೆ ಏನೂ ತಿಳಿಯುವುದಿಲ್ಲ.

ಆ ಸ್ಕೂಲ್‌ಗೆ ಹೋದವರು ಇಲ್ಲಿ ಯಾರಾದರೂ ಇದ್ದೀರಾ? ಅಲ್ಲಿ ನಿಜವಾಗಿ ಏನು ಕಲಿಸುತ್ತಿದ್ದರು? ನನ್ನಂಥವನಿಗೆ ಈಗ ಅದರಲ್ಲಿ ಎಷ್ಟು ಬೇಕು?

---

ಹಳೇ_ಕ್ಲಸ್ಟರ್

2008ರಲ್ಲಿ ಹಂಗೇರಿಯ ಬಾಲಟನ್‌ಫ್ಯೂರೆಡ್‌ನಲ್ಲಿ ನಡೆದದ್ದಕ್ಕೆ ಹೋಗಿದ್ದೆ. ಮೊದಲ ಸ್ಕೂಲ್ 2003ರಲ್ಲಿ ಇಟಲಿಯ ನೇಪಲ್ಸ್ ಹತ್ತಿರದ ವಿಕೊ ಎಕ್ವೆನ್ಸೆಯಲ್ಲಿ ಆಗಿತ್ತು, 2007ರದ್ದು ಸ್ವೀಡನ್ನಿನ ಮಾರಿಯೆಫ್ರೆಡ್‌ನಲ್ಲಿ. ಸುಮಾರು ಎರಡು ವಾರ, ಬೆಳಗ್ಗೆ ಪಾಠ, ಆಮೇಲೆ ಲ್ಯಾಬ್. ಈ ಸರಣಿಯಲ್ಲಿ ಪಾಠ ಮಾಡಿದವರ ಹೆಸರು ನೋಡಿ: ದೂರದ ಯಂತ್ರಗಳನ್ನು ಗ್ರಿಡ್‌ಗೆ ಜೋಡಿಸುವ ಗ್ಲೋಬಸ್ ಕಟ್ಟಿದ ಇಯಾನ್ ಫಾಸ್ಟರ್ ಮತ್ತು ಕಾರ್ಲ್ ಕೆಸಲ್‌ಮನ್, ಜಾಬ್‌ಗಳನ್ನು ಯಂತ್ರಗಳಿಗೆ ಹಂಚುವ ಕಾಂಡರ್ ಕಟ್ಟಿದ ಮಿರಾನ್ ಲಿವ್ನಿ, ಎಡಿನ್‌ಬರೋದ ಮಾಲ್ಕಂ ಅಟ್ಕಿನ್ಸನ್. ಸಾಫ್ಟ್‌ವೇರ್ ಬರೆದವರೇ ಎದುರು ನಿಂತು ಹೇಳುತ್ತಿದ್ದರು. ಇದು ಸಣ್ಣ ವಿಷಯ ಅಲ್ಲ. ಯಾವ ಕಮಾಂಡ್ ಹೊಡೆಯಬೇಕು ಅಂತ ಮ್ಯಾನ್ಯುಯಲ್ ಹೇಳುತ್ತದೆ. ಅದನ್ನು ಹಾಗೇ ಯಾಕೆ ಮಾಡಿದರು ಅನ್ನೋದು ಮಾಡಿದವರ ಬಾಯಲ್ಲೇ ಕೇಳಬೇಕು.

ಒಂದು ಉದಾಹರಣೆ ಹೇಳ್ತೀನಿ, ನನಗೆ ಇವತ್ತಿಗೂ ಉಪಯೋಗ ಆಗುತ್ತಿರೋದು ಇದೇ. ನೀವು ದೂರದ ಒಂದು ಸೈಟ್‌ಗೆ, ಅಂದರೆ ಗ್ರಿಡ್‌ಗೆ ಸೇರಿದ ಒಂದು ಕಂಪ್ಯೂಟರ್ ಕೇಂದ್ರಕ್ಕೆ, ಜಾಬ್ ಕಳಿಸಿದಿರಿ. ಉತ್ತರ ಬರುವ ಮೊದಲು ನೆಟ್‌ವರ್ಕ್ ಕಡಿಯಿತು. ಈಗ ಜಾಬ್ ಅಲ್ಲಿಗೆ ತಲುಪಿತಾ ಇಲ್ವಾ? ತಲುಪಿಲ್ಲ ಅಂದುಕೊಂಡು ಮತ್ತೆ ಕಳಿಸಿದರೆ ಒಂದೇ ಜಾಬ್ ಎರಡು ಸಲ ಓಡಬಹುದು. ತಲುಪಿದೆ ಅಂತ ಸುಮ್ಮನೆ ಕೂತರೆ ಅದು ಎಂದೂ ಓಡದೇ ಇರಬಹುದು. ಹಾಗಾಗಿ ಕಾಂಡರ್-ಜಿ (ಗ್ಲೋಬಸ್ ಸೈಟ್‌ಗಳಿಗೆ ಜಾಬ್ ಕಳಿಸುವ ಕಾಂಡರ್) ಮತ್ತು ಗ್ಲೋಬಸ್ ನಡುವೆ ಎರಡು ಹಂತದ ಒಪ್ಪಂದ ಇಟ್ಟರು. ಆ ಕಡೆಯವರು "ಬಂತು" ಅನ್ನಬೇಕು, ಈ ಕಡೆಯವರು ಅದನ್ನು ಡಿಸ್ಕ್ ಮೇಲೆ ಬರೆದುಕೊಂಡು "ಈಗ ಓಡಿಸು" ಅನ್ನಬೇಕು. ಗ್ಲೋಬಸ್ ಟೂಲ್‌ಕಿಟ್‌ಗೆ ಅದರ ತಂಡದ ಸಪೋರ್ಟ್ 2018ರ ಹೊತ್ತಿಗೆ ನಿಂತಿತು. ಆದರೆ ಈ ಪ್ರಶ್ನೆ ನಿಂತಿಲ್ಲ. ದೂರದಲ್ಲಿ ಏನಾಯ್ತು ಅಂತ ತಿಳಿಯದೇ ಇರೋ ಸ್ಥಿತಿ ಯಾವ ಕ್ಲೌಡ್‌ಗೆ ಹೋದರೂ ಇದ್ದೇ ಇರುತ್ತೆ.

ಲಿವ್ನಿ ಅವರ ವಿಚಾರ ಇನ್ನೊಂದು. ಒಂದು ಸೆಕೆಂಡಿಗೆ ಎಷ್ಟು ಲೆಕ್ಕ ಅನ್ನೋದಕ್ಕಿಂತ ಒಂದು ತಿಂಗಳಲ್ಲಿ, ಒಂದು ವರ್ಷದಲ್ಲಿ ಎಷ್ಟು ಕೆಲಸ ಮುಗಿಯಿತು ಅನ್ನೋದನ್ನ ನೋಡಬೇಕು. ಹೈ ಥ್ರೂಪುಟ್ ಕಂಪ್ಯೂಟಿಂಗ್ ಅಂದರೆ ಅದೇ. ಮತ್ತೆ ಯಂತ್ರದ ಯಜಮಾನನ ಮಾತಿಗೆ ಬೆಲೆ ಇರಬೇಕು. ಜಾಬ್ ತನಗೆ ಎಷ್ಟು ಮೆಮೊರಿ ಬೇಕು ಅಂತ ಹೇಳುತ್ತದೆ, ಯಂತ್ರ ತಾನು ಯಾರ ಜಾಬ್ ಓಡಿಸುತ್ತೇನೆ ಅಂತ ಹೇಳುತ್ತದೆ. ಹೆಣ್ಣು ಗಂಡು ಎರಡೂ ಕಡೆಯವರು ಒಪ್ಪಿದ ಮೇಲೇ ಮದುವೆ ಮಾತು ಮುಂದೆ ಹೋಗುವ ಹಾಗೆ. ಕಾಂಡರ್‌ನಲ್ಲಿ ಎರಡೂ ಕಡೆಯ ಇಂಥ ಹೇಳಿಕೆಗೆ ಕ್ಲಾಸ್‌ಆ್ಯಡ್ ಅಂತಾರೆ.

ಆದ್ದರಿಂದ ನನ್ನ ಸಲಹೆ: ಸೆಕ್ಯುರಿಟಿ, ಕಾಂಡರ್, ಡೇಟಾ ಹಂಚಿಕೆ, ಈ ಮೂರರ ಸ್ಲೈಡ್ ನಿಧಾನವಾಗಿ ಓದಿ. ಇನ್‌ಸ್ಟಾಲೇಶನ್, ವೆಬ್ ಸರ್ವೀಸ್ ಸ್ಟ್ಯಾಂಡರ್ಡ್‌ಗಳದ್ದು ಬಿಡಿ, ಅವುಗಳ ಕಾಲ ಮುಗಿಯಿತು.

---

ಸೈಟ್_ಕಾಯುವವಳು

ನಾನು ಒಂದು ಟಿಯರ್-2 ಸೈಟ್ (ಎಲ್‌ಎಚ್‌ಸಿ ಗ್ರಿಡ್‌ಗೆ ಸೇರಿದ, ವಿಶ್ವವಿದ್ಯಾಲಯ ಇಲ್ಲವೇ ಸಂಶೋಧನಾ ಸಂಸ್ಥೆಯ ಕೇಂದ್ರ) ನೋಡಿಕೊಳ್ಳುತ್ತೇನೆ. ಮೇಲಿನ ಸರ್ ಹೇಳಿದ್ದನ್ನು ಒಪ್ತೀನಿ, ಸೆಕ್ಯುರಿಟಿ ಬಗ್ಗೆ ಮಾತ್ರ ಸ್ವಲ್ಪ ಸೇರಿಸಬೇಕು.

ಆ ಸ್ಲೈಡ್‌ಗಳಲ್ಲಿ ಎಕ್ಸ್.509 ಸರ್ಟಿಫಿಕೇಟ್ (ನೀವು ಯಾರು ಅಂತ ತೋರಿಸುವ ಡಿಜಿಟಲ್ ಗುರುತುಪತ್ರ) ಮತ್ತು ಪ್ರಾಕ್ಸಿ (ಅದರಿಂದ ಮಾಡಿಕೊಂಡ ತಾತ್ಕಾಲಿಕ ಗುರುತುಪತ್ರ) ಬಗ್ಗೆ ತುಂಬಾ ಇರುತ್ತದೆ. ನಿಮ್ಮ ಅಸಲಿ ಕೀ ನಿಮ್ಮ ಹತ್ತಿರವೇ ಇರುತ್ತದೆ. ಜಾಬ್ ಜೊತೆ ಹೋಗುವುದು ಅಲ್ಪಾಯುಷ್ಯದ ಒಂದು ಪ್ರಾಕ್ಸಿ, ಸಾಮಾನ್ಯವಾಗಿ 12 ಗಂಟೆಯದು. ಯಾರಾದರೂ ಕದ್ದರೂ ಹಾನಿ ಕಡಿಮೆ. ಆದರೆ ಜಾಬ್ ಕ್ಯೂನಲ್ಲೇ ಅದಕ್ಕಿಂತ ಜಾಸ್ತಿ ಹೊತ್ತು ಕೂತರೆ ಓಡುವಷ್ಟರಲ್ಲಿ ಪ್ರಾಕ್ಸಿ ಸತ್ತಿರುತ್ತದೆ. ಅದಕ್ಕೇ ಪ್ರಾಕ್ಸಿ ಹೊಸದು ಮಾಡಿಕೊಡುವ ಮೈಪ್ರಾಕ್ಸಿ ಸರ್ವರ್ ಬಂತು, ಕ್ರ್ಯಾಬ್ ಕೂಡ ನಿಮ್ಮ ಪರವಾಗಿ ಅಲ್ಲಿಂದಲೇ ಪ್ರಾಕ್ಸಿ ಹೊಸದು ಮಾಡಿಕೊಳ್ಳುತ್ತಾ ಬಂದಿದೆ. ಈಗ ಎಲ್‌ಎಚ್‌ಸಿ ಗ್ರಿಡ್ ಮೆಲ್ಲಗೆ ಸರ್ಟಿಫಿಕೇಟ್ ಬಿಟ್ಟು ಟೋಕನ್ (ಇಂಥ ಕೆಲಸಕ್ಕೆ ಅನುಮತಿ ಇದೆ ಅಂತ ಹೇಳುವ ಡಿಜಿಟಲ್ ಚೀಟಿ) ಕಡೆ ಹೊರಳುತ್ತಿದೆ, ಫೈಲ್ ಸಾಗಿಸಲು ಗ್ರಿಡ್‌ಎಫ್‌ಟಿಪಿ ಜಾಗಕ್ಕೆ ಎಚ್‌ಟಿಟಿಪಿ ಬಂದಿದೆ. ಟೋಕನ್‌ಗೂ ಆಯುಷ್ಯ ಇದೆ ಅಲ್ವಾ? ಯೋಚನೆ ಅದೇ.

ಭಾರತದಲ್ಲಿ ಇಂಥ ಸರ್ಟಿಫಿಕೇಟ್ ಕೊಡಲು ಐಜಿಸಿಎ (ಇಂಡಿಯನ್ ಗ್ರಿಡ್ ಸರ್ಟಿಫಿಕೇಶನ್ ಅಥಾರಿಟಿ) ಶುರು ಮಾಡಿದ್ದು ಬೆಂಗಳೂರಿನ ಸಿ-ಡ್ಯಾಕ್, ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಸ್ಥೆ. ಭಾರತದ ಗರುಡ ಗ್ರಿಡ್ ನಡೆಸಿದ್ದೂ ಅವರೇ. ಅದಕ್ಕೂ ತಳಪಾಯ ಗ್ಲೋಬಸ್, ಆಗ ಆ ಕೆಲಸಕ್ಕೆ ಬಂದ ಹುಡುಗರು ಇಂಥವೇ ಸ್ಲೈಡ್ ಓದಿ ಕಲಿತರು.

ನಿಮ್ಮ ಫೇಲ್ ಆದ ಜಾಬ್‌ಗಳ ವಿಷಯಕ್ಕೆ ಬರೋಣ. ಎರರ್ ಕೋಡ್ ಬಿಡಿ, ಮೊದಲು ಎರಡು ವಿಷಯ ನೋಡಿ. ಅವು ಯಾವ ಸೈಟ್‌ನಲ್ಲಿ ಓಡಿದವು, ಎಷ್ಟು ಹೊತ್ತು ಓಡಿದವು?

---

ಕಣದ_ಬೆನ್ನುಹತ್ತಿ

ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಸರ್. ನೋಡಿದೆ. ಫೇಲ್ ಆದವು ಬಹುಪಾಲು ಒಂದೇ ಸೈಟ್‌ನವು, ಎಲ್ಲಾ ಒಂದೆರಡು ನಿಮಿಷದಲ್ಲಿ ಸತ್ತಿವೆ. ಬೇರೆ ಕಡೆ ಇದೇ ಕೋಡ್ ಗಂಟೆಗಟ್ಟಲೆ ಓಡಿ ಸರಿಯಾಗಿ ಮುಗಿದಿದೆ. ನಾನು ನನ್ನ ಕೋಡ್‌ನಲ್ಲೇ ಹುಡುಕುತ್ತಿದ್ದೆ.

---

ಹಳೇ_ಕ್ಲಸ್ಟರ್

ಇದಕ್ಕೆ ಬ್ಲ್ಯಾಕ್ ಹೋಲ್ ನೋಡ್ ಅಂತಾರೆ, ಯಾವ ಗ್ರಿಡ್ ಸ್ಕೂಲ್‌ನಲ್ಲೂ ಇದರ ಕಥೆ ಬರುತ್ತದೆ. ಒಂದು ಯಂತ್ರ ಕೆಟ್ಟಿದೆ ಅಂದುಕೊಳ್ಳಿ, ಡಿಸ್ಕ್ ತುಂಬಿರಬಹುದು, ಸಾಫ್ಟ್‌ವೇರ್ ತರುವ ಸಿವಿಎಂಎಫ್‌ಎಸ್ ಅನ್ನೋ ಫೈಲ್ ವ್ಯವಸ್ಥೆ ಜೋಡಣೆ (ಮೌಂಟ್) ಆಗಿರದೇ ಇರಬಹುದು. ಅಲ್ಲಿಗೆ ಬಂದ ಜಾಬ್ ತಕ್ಷಣ ಸಾಯುತ್ತದೆ, ಜಾಗ ಖಾಲಿ ಆಗುತ್ತದೆ, ಶೆಡ್ಯೂಲರ್ ಇನ್ನೊಂದು ಜಾಬ್ ಕೊಡುತ್ತದೆ, ಅದೂ ಸಾಯುತ್ತದೆ. ಚೆನ್ನಾಗಿರುವ ಯಂತ್ರ ಒಂದು ಜಾಬ್ ಮುಗಿಸುವಷ್ಟರಲ್ಲಿ ಈ ಒಂದು ಕೆಟ್ಟ ಯಂತ್ರ ನೂರಾರು ಜಾಬ್ ನುಂಗಿರುತ್ತದೆ.

---

ಪಾಠದ_ಮೇಷ್ಟ್ರು_ಹುಬ್ಬಳ್ಳಿ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡ್ತೀನಿ. ಗ್ರಿಡ್ ಅನ್ನು ಎಲೆಕ್ಟಿವ್ ಆಗಿ ಕಲಿಸಿದ ಅನುಭವದಿಂದ ಹೇಳೋದಾದರೆ, ಸ್ಲೈಡ್ ಮೊದಲು ಓದಿಸಬೇಡಿ. ಫಾಸ್ಟರ್ 2002ರಲ್ಲಿ ಗ್ರಿಡ್‌ಗೆ ಕೊಟ್ಟ ಮೂರು ಲಕ್ಷಣಗಳನ್ನು (ಒಬ್ಬರ ಹಿಡಿತದಲ್ಲಿ ಇರದ ಯಂತ್ರಗಳು, ಎಲ್ಲರಿಗೂ ತೆರೆದ ಪ್ರೊಟೊಕಾಲ್‌ಗಳು, ಸಾಮಾನ್ಯಕ್ಕಿಂತ ಮೇಲಾದ ಸೇವೆ) ಹುಡುಗರು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆತುಬಿಡುತ್ತಾರೆ. ಒಂದು ಜಾಬ್‌ ಅನ್ನೂ ಕ್ಯೂಗೆ ಹಾಕಿರುವುದಿಲ್ಲ. ಇದು ನನಗೆ ತುಂಬಾ ಬೇಜಾರಿನ ವಿಷಯ.

ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಎಚ್‌ಟಿಕಾಂಡರ್ (ಕಾಂಡರ್‌ನ ಈಗಿನ ಹೆಸರು) ಹಾಕಿಕೊಳ್ಳಿ, ಒಂದೇ ಯಂತ್ರದಲ್ಲಿ ಇಡೀ ಪೂಲ್ (ಕಾಂಡರ್ ನೋಡಿಕೊಳ್ಳುವ ಯಂತ್ರಗಳ ಗುಂಪು) ಓಡುತ್ತದೆ, ದುಡ್ಡೂ ಇಲ್ಲ. ಬೇಕಂತಲೇ ಯಾವ ಯಂತ್ರದಲ್ಲೂ ಇರದಷ್ಟು ಮೆಮೊರಿ ಕೇಳುವ ಜಾಬ್ ಹಾಕಿ. ಆಮೇಲೆ ಕಾಂಡರ್-ಕ್ಯೂ ಕಮಾಂಡ್‌ಗೆ ಬೆಟರ್-ಅನಲೈಜ್ ಸೇರಿಸಿ ಓಡಿಸಿದರೆ, ಜಾಬ್ ಯಾಕೆ ನಿಂತಿದೆ ಅಂತ ಅದೇ ಹೇಳುತ್ತದೆ. ಆಗ ಕ್ಲಾಸ್‌ಆ್ಯಡ್ ಸ್ಲೈಡ್ ತೆರೆದರೆ ಒಂದೊಂದು ಸಾಲೂ ಅರ್ಥ ಆಗುತ್ತದೆ.

---

ಹಳೇ_ಕ್ಲಸ್ಟರ್

ಮೇಷ್ಟ್ರು ಹೇಳಿದ ಕ್ರಮ ಸರಿ ಇದೆ, ಹಾಗೇ ಮಾಡಿ. ಸಿಎಂಎಸ್ ಜಾಬ್‌ಗಳ ಅಡಿಯಲ್ಲಿ ಈಗಲೂ ಇರೋದು ಎಚ್‌ಟಿಕಾಂಡರೇ, ಕ್ರ್ಯಾಬ್ ಅದರ ಮೇಲಿನ ಪದರ. ಹೋಗಿ ಕಲಿಯುವ ಮನಸ್ಸಿದ್ದರೆ ಗೈಡ್ ಹತ್ತಿರ ಎರಡು ಹೆಸರು ಹೇಳಿ. 1970ರಲ್ಲಿ ಶುರುವಾದ ಸರ್ನ್ ಸ್ಕೂಲ್ ಆಫ್ ಕಂಪ್ಯೂಟಿಂಗ್ ಒಂದು, ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನಡೆಯುವ ಓಎಸ್‌ಜಿ (ಓಪನ್ ಸೈನ್ಸ್ ಗ್ರಿಡ್) ಸ್ಕೂಲ್ ಇನ್ನೊಂದು. ನಿಮ್ಮ ಸ್ಥಿತಿಗೆ ನಾನು ಓಎಸ್‌ಜಿ ಆರಿಸುತ್ತೇನೆ, ಯಾಕೆಂದರೆ ಅದು ನಿಮ್ಮಂಥ ಸಂಶೋಧಕರಿಗೇ ಮಾಡಿದ್ದು, ಮತ್ತೆ ಕಾಂಡರ್ ಹುಟ್ಟಿದ ಊರು ಅದು. ಹೋಗೋಕೆ ಆಗದಿದ್ದರೂ ಪಾಠಗಳು ನೆಟ್‌ನಲ್ಲಿ ಸಿಗುತ್ತವೆ.

---

ಸೈಟ್_ಕಾಯುವವಳು

ಸದ್ಯಕ್ಕೆ ಕ್ರ್ಯಾಬ್ ಕಾನ್ಫಿಗ್‌ನಲ್ಲಿ ಆ ಸೈಟ್ ಹೆಸರನ್ನು ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ, ಫೇಲ್ ಆದವನ್ನು ಮಾತ್ರ ರೀಸಬ್ಮಿಟ್ ಮಾಡಿ, ಎಲ್ಲಾ ಮೊದಲಿಂದ ಬೇಡ. ಮತ್ತೆ ದಯವಿಟ್ಟು ಆ ಸೈಟ್‌ಗೆ ಒಂದು ಟಿಕೆಟ್ (ದೂರು) ಹಾಕಿ, ಲಾಗ್‌ನಲ್ಲಿ ಯಂತ್ರದ ಹೆಸರು ಇರುತ್ತೆ, ಅದನ್ನೂ ಬರೆಯಿರಿ. ಯಾರೂ ಹೇಳದಿದ್ದರೆ ನಮ್ಮಂಥವರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.