ನೆಪೋಲಿಯನ್‌ನನ್ನು ಮಹಾನ್ ಅನ್ನಬಹುದಾ?

ಬಸವನಗುಡಿ ಓದುಗ: ನಿನ್ನೆ ಮಗಳಿಗೆ ಇತಿಹಾಸ ಓದಿಸುತ್ತಿದ್ದೆ. ಚಿತ್ರದಲ್ಲಿದ್ದ ಬಿಳಿ ಕುದುರೆ ಮೇಲೆ ಬೆರಳಿಟ್ಟು, "ಅಪ್ಪ, ಇಷ್ಟು ಜನರನ್ನು ಸಾಯಿಸಿದವನು ಮಹಾನ್ ಹೇಗೆ?" ಅಂದಳು. ಉತ್ತರ ಹೊಳೆಯಲಿಲ್ಲ. ನೀವೇನಂತೀರಿ?

ಮಲ್ಲೇಶ್ವರದವನು: ಯುದ್ಧ ಬಿಡಿ ಸಾರ್, ಕಾನೂನು ನೋಡಿ. 1804ರಲ್ಲಿ ಅವನು ಫ್ರಾನ್ಸ್‌ಗೆ ತಂದ ಕಾನೂನು ಸಂಹಿತೆಯನ್ನು ಯುರೋಪಿನ ಎಷ್ಟೋ ದೇಶಗಳು ಅನುಸರಿಸಿದವು. ಅದು ದೊಡ್ಡ ಕೆಲಸವೇ ಅಲ್ವಾ?

ವಿಜಯನಗರ ಅಕ್ಕ: ಅದೇ ಕಾನೂನು ಹೆಂಡತಿ ಗಂಡನ ಮಾತು ಕೇಳಲೇಬೇಕು ಅಂದಿತು. 1802ರಲ್ಲಿ ವಸಾಹತುಗಳಿಗೆ ಗುಲಾಮಗಿರಿಯನ್ನು ವಾಪಸ್ ತಂದವನೂ ಇವನೇ. 1812ರಲ್ಲಿ ಲಕ್ಷಗಟ್ಟಲೆ ಸೈನಿಕರನ್ನು ರಷ್ಯಾಕ್ಕೆ ಕರೆದುಕೊಂಡು ಹೋಗಿ, ವಾಪಸ್ ಬರುವಾಗ ಅವರು ಚಳಿಯಲ್ಲಿ ಸತ್ತ ಕುದುರೆ ತಿಂದು ನಡೆಯುತ್ತಿದ್ದರೆ, ಇವನು ಅವರನ್ನು ಬಿಟ್ಟು ಮೊದಲೇ ಪ್ಯಾರಿಸ್‌ಗೆ ಹೊರಟ. ಜಾಣ ಸೇನಾಪತಿ, ಒಪ್ಪುತ್ತೀನಿ. ಮಹಾನ್ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಬಸವನಗುಡಿ ಓದುಗ: ಥ್ಯಾಂಕ್ಸ್ ಅಕ್ಕ. ಇವತ್ತು ರಾತ್ರಿ ಮಗಳಿಗೆ ಆ ಕುದುರೆಗಳ ಕಥೆ ಹೇಳ್ತೀನಿ.