ಕೋಷ್ಟಕದ ಸಾಲುಗಳನ್ನು ಎಲಿಕ್ಸರ್ ಸ್ಟ್ರಕ್ಟ್ ಆಗಿಸುವುದು ಹೇಗೆ?

ಪ್ರಶ್ನೆ (ವಿಜಯಪುರ):
ತಿಕೋಟಾ ಭಾಗದ ಬೆಳೆಗಾರರು ಶೀತಲಗೃಹದಲ್ಲಿ ಇಡುವ ಒಣದ್ರಾಕ್ಷಿಯ ಲೆಕ್ಕಕ್ಕಾಗಿ ಎಲಿಕ್ಸರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ತಂತ್ರಾಂಶ ಬರೆಯುತ್ತಿದ್ದೇನೆ. ಬೆಳೆಗಾರ, ಪೆಟ್ಟಿಗೆ, ಮಾರಾಟ ಎಂಬ ಮೂರು ಕೋಷ್ಟಕಗಳನ್ನು ಒಂದೊಂದಾಗಿ ಹಾಯ್ದು, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ನೇರ ಎಸ್‌ಕ್ಯೂಎಲ್ (ಡೇಟಾಬೇಸ್ ಪ್ರಶ್ನೆಗಳ ಭಾಷೆ) ಕಳುಹಿಸಿ, ಬಂದ ಪ್ರತಿ ಸಾಲನ್ನು ಕಾಲಂ ಹೆಸರುಗಳೊಂದಿಗೆ ಜೋಡಿಸಿ ಮ್ಯಾಪ್ (ಕೀಲಿ-ಮೌಲ್ಯಗಳ ಜೋಡಿಗಳ ಗುಂಪು) ಮಾಡಿ, ಸ್ಟ್ರಕ್ಟ್ (ನಿಗದಿತ ಫೀಲ್ಡ್‌ಗಳಿರುವ ಮ್ಯಾಪ್) ಕಟ್ಟುವ ಫಂಕ್ಷನ್‌ಗೆ ಕೊಟ್ಟರೆ, ಯಾವ ದೋಷವೂ ಕಾಣಿಸದೆ ಎಲ್ಲ ಫೀಲ್ಡ್‌ಗಳೂ ನಿಲ್ (ಖಾಲಿ) ಆಗಿಯೇ ಉಳಿಯುತ್ತವೆ. ತಪ್ಪು ಎಲ್ಲಿದೆ?

ಉತ್ತರ (ಬೆಳಗಾವಿ):
ಕಾಲಂ ಹೆಸರುಗಳು ಸ್ಟ್ರಿಂಗ್ (ಪಠ್ಯ) ಆಗಿ ಬರುತ್ತವೆ. ಸ್ಟ್ರಕ್ಟ್‌ನ ಕೀಲಿಗಳು ಆಟಮ್‌ಗಳು, ಅಂದರೆ ತಮ್ಮ ಹೆಸರೇ ಮೌಲ್ಯವಾಗಿರುವ ಸ್ಥಿರಾಂಕಗಳು. ಹೊಂದದ ಕೀಲಿಗಳನ್ನು ಆ ಫಂಕ್ಷನ್ ಸದ್ದಿಲ್ಲದೆ ಕೈಬಿಡುತ್ತದೆ. ಆಶ್ಚರ್ಯಸೂಚಕ ಚಿಹ್ನೆಯಿರುವ ಅದರ ಜೋಡಿ ಫಂಕ್ಷನ್ ಬಳಸಿದ್ದರೆ ಕೀ-ಎರರ್ (ಕೀಲಿ ಇಲ್ಲವೆಂಬ ದೋಷ) ಕೂಡಲೇ ಕಾಣುತ್ತಿತ್ತು, ಹಾಗಾಗಿ ನಾನು ಅದನ್ನೇ ಬಯಸುತ್ತೇನೆ. ಆದರೆ ಸಿಕ್ಕ ಸ್ಟ್ರಿಂಗ್‌ಗಳನ್ನೆಲ್ಲ ಆಟಮ್ ಮಾಡಬೇಡಿ: ಆಟಮ್‌ಗಳು ಸ್ಮೃತಿಯಿಂದ ತೆರವಾಗುವುದಿಲ್ಲ, ಅವುಗಳ ಪೂರ್ವನಿಗದಿತ ಮಿತಿ 10,48,576, ಅದು ಮೀರಿದರೆ ತಂತ್ರಾಂಶವನ್ನು ಓಡಿಸುವ ಇಡೀ ವರ್ಚುವಲ್ ಮಷೀನ್ ನಿಂತುಹೋಗುತ್ತದೆ. ಈಗಾಗಲೇ ಇರುವ ಆಟಮ್‌ಗಳಿಗೆ ಮಾತ್ರ ಪರಿವರ್ತಿಸುವ ಫಂಕ್ಷನ್ ಇದೆ.

ಉತ್ತರ (ಬಾಗಲಕೋಟೆ):
ಮೇಲಿನ ಕಾರಣ ಸರಿ, ಆದರೆ ಎಕ್ಟೊ (ಎಲಿಕ್ಸರ್‌ನ ಡೇಟಾಬೇಸ್ ಲೈಬ್ರರಿ) ಸ್ಕೀಮಾ, ಅಂದರೆ ಕೋಷ್ಟಕದ ಫೀಲ್ಡ್‌ಗಳನ್ನೂ ಅವುಗಳ ಪ್ರಕಾರಗಳನ್ನೂ ಹೇಳುವ ಮಾಡ್ಯೂಲ್, ಇದ್ದಲ್ಲಿ ಈ ಶ್ರಮವೇ ಬೇಡ. ರೆಪೊದ (ಎಕ್ಟೊದಲ್ಲಿ ಡೇಟಾಬೇಸ್ ಜೊತೆ ವ್ಯವಹರಿಸುವ ಮಾಡ್ಯೂಲ್) ಲೋಡ್ ಫಂಕ್ಷನ್‌ಗೆ ಸ್ಕೀಮಾವನ್ನೂ, ಕಾಲಂಗಳು ಮತ್ತು ಸಾಲು ಇರುವ ಟ್ಯೂಪಲ್ (ಮೌಲ್ಯಗಳ ಕಟ್ಟು) ಅನ್ನೂ ಕೊಡಿ; ಅದು ಸ್ಟ್ರಿಂಗ್ ಹೆಸರುಗಳನ್ನು ಒಪ್ಪುವುದಲ್ಲದೆ ಪ್ರಕಾರಗಳನ್ನೂ ಬದಲಿಸುತ್ತದೆ. 16 ಬೈಟ್‌ಗಳ ಯುಯುಐಡಿ (ಅನನ್ಯ ಗುರುತುಸಂಖ್ಯೆ) ಓದಬಹುದಾದ ಪಠ್ಯವಾಗುತ್ತದೆ, ಎನಮ್ (ನಿಗದಿತ ಆಯ್ಕೆಗಳ) ಫೀಲ್ಡ್ ಆಟಮ್ ಆಗುತ್ತದೆ; ಬರಿಯ ಸ್ಟ್ರಕ್ಟ್ ಫಂಕ್ಷನ್ ಇದನ್ನೆಂದೂ ಮಾಡದು. ಸುಗ್ಗಿಯಲ್ಲಿ ಮಾರಾಟದ ಕೋಷ್ಟಕ ದೊಡ್ಡದಾದಾಗ ಸಾಲುಗಳನ್ನು ಕಂತುಕಂತಾಗಿ ತರುವ ರೆಪೊದ ಸ್ಟ್ರೀಮ್ ಬಳಸಿ, ಅದನ್ನು ಟ್ರಾನ್ಸಾಕ್ಷನ್ (ಒಂದೇ ಘಟಕವಾಗಿ ನಡೆಯುವ ಡೇಟಾಬೇಸ್ ಕೆಲಸ) ಒಳಗೇ ಓಡಿಸಿ. ಬೇರೆ ಸೂಚನೆ ಕೊಡದಿದ್ದರೆ ಅದು 500 ಸಾಲುಗಳಂತೆ ತರುತ್ತದೆ.

ಪ್ರಶ್ನೆ ಕೇಳಿದವರು:
ಕೋಷ್ಟಕದ ಹೆಸರಿನ ಬದಲು ಸ್ಕೀಮಾ ಮಾಡ್ಯೂಲ್‌ಗಳ ಪಟ್ಟಿಯನ್ನೇ ಹಾಯುವಂತೆ ಬದಲಿಸಿದೆ. ಪೆಟ್ಟಿಗೆಯ ತೂಕ ಈಗ ಸರಿಯಾಗಿ ಬರುತ್ತಿದೆ. ಇಬ್ಬರಿಗೂ ಧನ್ಯವಾದಗಳು.